ಸಂವೇದಕಕ್ಕೆ 38 ಸಾವಿರ, ತಪ್ಪಿದ ಬೇಸಿಗೆಗೆ ಒಂದೂವರೆ ಲಕ್ಷ: ಸಮುದ್ರತಳದ ವೀಕ್ಷಣಾಲಯದಲ್ಲಿ ಒಂದು ಬಜೆಟ್ ಪ್ರಕರಣ

ಅಮೆರಿಕದ ಒರೆಗಾನ್ ಕರಾವಳಿಯಾಚೆ, ಸುಮಾರು 780 ಮೀಟರ್ ಆಳದಲ್ಲಿ, ಸದರ್ನ್ ಹೈಡ್ರೇಟ್ ರಿಡ್ಜ್ ಎಂಬ ದಿಬ್ಬವಿದೆ. ಅದರ ಒಡಲಲ್ಲಿ ಮೀಥೇನ್ ಅನಿಲ ನೀರಿನೊಂದಿಗೆ ಸೇರಿ ಹಿಮದಂತೆ ಹೆಪ್ಪುಗಟ್ಟಿದೆ. ತಳದ ಬಿರುಕುಗಳಿಂದ ಗುಳ್ಳೆಗಳು ಮೇಲೇಳುತ್ತವೆ. ಒಂದು ಗಂಟೆ ರಭಸವಾಗಿ ಉಕ್ಕಿದ್ದು ಮರುಗಂಟೆ ತಣ್ಣಗಾಗಬಹುದು. ಈ ಏರಿಳಿತಕ್ಕೆ ಕಾರಣ ಉಬ್ಬರವಿಳಿತವೇ, ನೆಲದ ಕಂಪನವೇ, ಒಳಗಿನ ಅನಿಲದ ಒತ್ತಡವೇ ಎಂಬುದನ್ನು ಹಡಗಿನಲ್ಲಿ ಹೋಗಿ ಮೂರು ದಿನ ನೋಡಿ ಬಂದವರು ಹೇಳಲಾರರು. ಅದಕ್ಕೆ ವರ್ಷವಿಡೀ ಅಲ್ಲೇ ಕುಳಿತು ಅಳೆಯುವ ಯಂತ್ರ ಬೇಕು.

ಹಾಗೆ ಕುಳಿತು ಅಳೆಯುವ ವ್ಯವಸ್ಥೆ ಅಲ್ಲಿ ಆಗಲೇ ಇದೆ. ಅಮೆರಿಕ ಸರ್ಕಾರದ ಸಂಶೋಧನಾ ಅನುದಾನ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಷನ್ (ಎನ್‌ಎಸ್‌ಎಫ್) ಹಣದಿಂದ ನಡೆಯುವ ಓಷನ್ ಅಬ್ಸರ್ವೇಟರೀಸ್ ಇನಿಷಿಯೇಟಿವ್ (ಓಓಐ) ಎಂಬ ಸಾಗರ ವೀಕ್ಷಣಾಲಯದ ಒಂದು ಅಂಗ ರೀಜನಲ್ ಕೇಬಲ್ಡ್ ಅರೇ. ಅದನ್ನು ನಡೆಸುವುದು ವಾಷಿಂಗ್ಟನ್ ವಿಶ್ವವಿದ್ಯಾಲಯ. ಪೆಸಿಫಿಕ್ ಸಿಟಿ ಎಂಬ ಕರಾವಳಿ ಊರಿನ ಕಿನಾರೆ ನಿಲ್ದಾಣದಿಂದ ಹೊರಟ ಸುಮಾರು 900 ಕಿಲೋಮೀಟರ್ ಕೇಬಲ್ ಸಮುದ್ರತಳದಲ್ಲಿ ಹರಡಿಕೊಂಡಿದೆ. ಅದರ ಮೇಲೆ ಏಳು ಮುಖ್ಯ ನೋಡ್‌ಗಳಿವೆ. ಒಂದೊಂದು ನೋಡ್ 8 ಕಿಲೋವ್ಯಾಟ್ ವಿದ್ಯುತ್ತನ್ನೂ ಸೆಕೆಂಡಿಗೆ 10 ಗಿಗಾಬಿಟ್ ದತ್ತಾಂಶ ದಾರಿಯನ್ನೂ ಕೊಡಬಲ್ಲದು. ನೂರಕ್ಕೂ ಹೆಚ್ಚು ಉಪಕರಣಗಳು ಇದರಿಂದ ಜೀವ ಹಿಡಿದಿವೆ. ಅವುಗಳ ದತ್ತಾಂಶ ಎಲ್ಲರಿಗೂ ಉಚಿತ, ಯಾರ ಅನುಮತಿಯೂ ಬೇಡ.

ಈ ‘ಉಚಿತ’ವೇ ನಮ್ಮ ಪ್ರಕರಣದ ತಂಡವನ್ನು ದಾರಿ ತಪ್ಪಿಸಿದ್ದು.

ಮೊದಲೇ ಹೇಳಿಬಿಡುತ್ತೇನೆ: ತಂಡ ನಾನು ಕಟ್ಟಿಕೊಂಡದ್ದು, ಡಾಲರ್ ಮೊತ್ತಗಳೂ ಲೆಕ್ಕ ತೋರಿಸಲು ಹಿಡಿದವು. ವೀಕ್ಷಣಾಲಯ, ಅನುದಾನದ ಕಟ್ಟುಪಾಡುಗಳು, ಸಮುದ್ರದ ಆಳ ಮಾತ್ರ ಇರುವಂಥವೇ. ತಂಡದಲ್ಲಿ ಮೂವರಿದ್ದಾರೆ. ಅಮೆರಿಕದ ಪೂರ್ವ ಕರಾವಳಿಯ ಒಂದು ವಿಶ್ವವಿದ್ಯಾಲಯದ ಭೂರಸಾಯನಶಾಸ್ತ್ರ ಪ್ರಾಧ್ಯಾಪಕಿ, ಅವರ ಪ್ರಯೋಗಾಲಯದ ಎಂಜಿನಿಯರ್, ಒಬ್ಬ ಸಂಶೋಧನಾ ವಿದ್ಯಾರ್ಥಿ. ನೀರಿನಲ್ಲಿ ಕರಗಿದ ಮೀಥೇನನ್ನು ಅಳೆಯುವ ಸಂವೇದಕವೊಂದನ್ನು ಹೈಡ್ರೇಟ್ ರಿಡ್ಜ್‌ನ ಕೇಬಲಿಗೆ ಜೋಡಿಸಿ, ಒಂದು ವರ್ಷ ಅಳೆದು, ಅಲ್ಲೇ ಇರುವ ಭೂಕಂಪನ ಮಾಪಕ ಮತ್ತು ಪ್ರವಾಹ ಮಾಪಕಗಳ ದತ್ತಾಂಶದೊಂದಿಗೆ ತಾಳೆ ನೋಡುವುದು ಅವರ ಯೋಜನೆ.

ಅವರ ಮೊದಲ ಕರಡು ಬಜೆಟ್ ಮೂರು ವರ್ಷಕ್ಕೆ 5,12,300 ಡಾಲರ್. ಸಂಬಳ ಮತ್ತು ಸೌಲಭ್ಯಗಳಿಗೆ 2,40,000, ಸಂವೇದಕಕ್ಕೆ 38,000, ಬಿಡಿಭಾಗಗಳಿಗೆ 42,000, ಪ್ರಯಾಣಕ್ಕೆ 18,000, ಪ್ರಕಟಣೆಗೆ 6,000. ಉಳಿದದ್ದು ವಿಶ್ವವಿದ್ಯಾಲಯದ ಪರೋಕ್ಷ ವೆಚ್ಚ, ಅಂದರೆ ಕಟ್ಟಡ, ಆಡಳಿತ ಮುಂತಾದವಕ್ಕೆ ಅದು ಹಿಡಿದುಕೊಳ್ಳುವ ಪಾಲು. ಶೇಕಡಾ 55ರ ದರದಲ್ಲಿ, ಸಂವೇದಕ ಬಿಟ್ಟು ಉಳಿದ 3,06,000ದ ಮೇಲೆ, 1,68,300. ಸಮುದ್ರತಳಕ್ಕೆ ಇಳಿಸುವ ಖರ್ಚಿನ ಸಾಲೇ ಅದರಲ್ಲಿಲ್ಲ. “ಕೇಬಲ್ ಇದೆ, ಹಡಗು ಪ್ರತಿ ಬೇಸಿಗೆ ಹೋಗುತ್ತದೆ, ರೋಬಾಟ್ ಇಳಿಯುತ್ತದೆ, ಜೊತೆಗೆ ನಮ್ಮದೂ ಒಂದು” ಎಂಬುದು ಪ್ರಾಧ್ಯಾಪಕಿಯ ಎಣಿಕೆ.

ಎಣಿಕೆ ಪೂರ್ತಿ ತಪ್ಪೇನಲ್ಲ. ಬೇಸಿಗೆಯಲ್ಲಿ ನಿರ್ವಹಣೆಯ ಯಾನ ನಡೆಯುವುದು ನಿಜ. ಕೆಟ್ಟ ಉಪಕರಣ ತೆಗೆದು ಹೊಸದನ್ನಿಡಲು ದೂರನಿಯಂತ್ರಿತ ರೋಬಾಟ್ ಇಳಿಯುವುದೂ ನಿಜ. ಆದರೆ ಅದೆಲ್ಲ ವೀಕ್ಷಣಾಲಯದ ಸ್ವಂತ ಉಪಕರಣಗಳಿಗೆಂದು ಅಳೆದಿಟ್ಟ ಹಣ. 2018ರಲ್ಲಿ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ನೇತೃತ್ವಕ್ಕೆ ಓಓಐ ಬಂದಾಗ ಐದು ವರ್ಷಕ್ಕೆ ಸಿಕ್ಕ ಮೊತ್ತ 22 ಕೋಟಿ ಡಾಲರ್. ಕೇಳಲು ದೊಡ್ಡದು. ಎರಡು ಸಾಗರಗಳ ತೇಲುಗಂಬ, ಗ್ಲೈಡರ್ (ನೀರೊಳಗೆ ತಾನೇ ಸಾಗುವ ಅಳತೆಯ ಯಂತ್ರ), ಕೇಬಲ್, ದತ್ತಾಂಶ ಕೇಂದ್ರ ಎಲ್ಲವೂ ಅದರಲ್ಲೇ ನಡೆಯಬೇಕು. ಅದಕ್ಕೂ ಮೊದಲೇ, 2015ರಲ್ಲಿ, ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ದಶಕದ ಸಮೀಕ್ಷೆ ಓಓಐ ನಿರ್ವಹಣಾ ವೆಚ್ಚವನ್ನು ಶೇಕಡಾ 20ರಷ್ಟು ಇಳಿಸಲು ಸಲಹೆ ಮಾಡಿತ್ತು. ಸೌಕರ್ಯಗಳೇ ಹಣವನ್ನೆಲ್ಲ ನುಂಗಿದರೆ ಅವುಗಳನ್ನು ಬಳಸುವ ವಿಜ್ಞಾನಿಗಳಿಗೆ ಏನು ಉಳಿಯುತ್ತದೆ ಎಂಬುದು ಆ ಸಮೀಕ್ಷೆಯ ಆತಂಕ. ಆಮೇಲೆ ಅರ್ಜೆಂಟೀನಾ ಜಲಾನಯನದ ಮತ್ತು ದಕ್ಷಿಣ ಸಾಗರದ ಠಾಣೆಗಳನ್ನು ಕಳಚಿದರು. ಇಂಥ ಮನೆಯಲ್ಲಿ ಹೊರಗಿನವರ ಉಪಕರಣಕ್ಕೆ ತಗಲುವ ಹೆಚ್ಚುವರಿ ಖರ್ಚನ್ನು ನುಂಗಿಕೊಳ್ಳುವ ಹೊಟ್ಟೆ ಯಾರಿಗೂ ಇಲ್ಲ. ಆದ್ದರಿಂದ ನಿಯಮ ಸರಳ: ಪ್ರಸ್ತಾವ ಸಲ್ಲಿಸುವ ಮೊದಲೇ ನಿರ್ವಾಹಕರ ಜೊತೆ ಮಾತನಾಡಬೇಕು, ನಿಮ್ಮ ಉಪಕರಣ ಅಲ್ಲಿ ಕೂರಲು ಸಾಧ್ಯವೇ ಎಂದು ಕೇಳಬೇಕು, ಅದಕ್ಕೆ ತಗಲುವ ವೆಚ್ಚದ ಅಂದಾಜು ಪಡೆದು ನಿಮ್ಮ ಬಜೆಟ್ಟಿನಲ್ಲೇ ತೋರಿಸಬೇಕು.

ಅಂದಾಜಿನಲ್ಲಿ ಏನಿರುತ್ತದೆ? ಪ್ರಕರಣದ ಹುರುಳು ಇಲ್ಲೇ ಇರುವುದರಿಂದ ಸ್ವಲ್ಪ ನಿಂತು ನೋಡೋಣ.

ಕೇಬಲಿನ ಕೊನೆಯಲ್ಲಿ ಜಂಕ್ಷನ್ ಬಾಕ್ಸ್ ಇರುತ್ತದೆ. ಕಿನಾರೆಯಿಂದ ಹತ್ತು ಸಾವಿರ ವೋಲ್ಟ್‌ನಷ್ಟು ಒತ್ತಡದಲ್ಲಿ ಬಂದ ವಿದ್ಯುತ್ತು ಮುಖ್ಯ ನೋಡಿನಲ್ಲಿ 375 ವೋಲ್ಟಿಗೆ ಇಳಿಯುತ್ತದೆ. ಮುಂದೆ ಈ ಪೆಟ್ಟಿಗೆಗಳಲ್ಲಿ ಇನ್ನಷ್ಟು ಇಳಿದು ಉಪಕರಣಕ್ಕೆ ಸೇರುತ್ತದೆ. ನಿಮ್ಮ ಉಪಕರಣದ ತಂತಿಯ ತುದಿಯಲ್ಲಿ ನೀರಿನೊಳಗೇ ಜೋಡಿಸಬಹುದಾದ ಕನೆಕ್ಟರ್ ಬೇಕು. ಅದರೊಳಗೆ ಎಣ್ಣೆ ತುಂಬಿರುತ್ತದೆ. ರೋಬಾಟಿನ ಕೈ ಅದನ್ನು ಹಿಡಿದು ತಳ್ಳಿದಾಗ ಪಿನ್ನುಗಳು ಮುದ್ರೆಗಳನ್ನು ಸೀಳಿಕೊಂಡು ಒಳಹೋಗುತ್ತವೆ, ಉಪ್ಪುನೀರು ಒಳಬರುವುದಿಲ್ಲ. ಇಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಆದೇಶ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕು. ತಂತಿ ಎಷ್ಟು ಉದ್ದವಿರಬೇಕೆಂಬುದು ತಳದ ನಕ್ಷೆ ನೋಡಿ ಮೊದಲೇ ತೀರ್ಮಾನವಾಗಬೇಕು. ಐದು ಮೀಟರ್ ಕಡಿಮೆಯಾದರೆ ಸಂವೇದಕ ಗುಳ್ಳೆ ಏಳುವ ಜಾಗಕ್ಕೆ ತಲುಪುವುದಿಲ್ಲ, ಅಲ್ಲಿ ಗಂಟು ಹಾಕಿ ಉದ್ದ ಮಾಡಲಾಗದು.

ಇನ್ನು ಪರೀಕ್ಷೆ. ನಿಮ್ಮ ಉಪಕರಣದಲ್ಲಿ ವಿದ್ಯುತ್ ಸೋರಿ ಸಮುದ್ರದ ನೀರಿಗೆ ಹರಿದರೆ ನೆಲಸೋರಿಕೆ ಉಂಟಾಗುತ್ತದೆ. ಪಕ್ಕದಲ್ಲಿರುವ ಬೇರೆಯವರ ಉಪಕರಣಗಳಿಗೂ ಅದರಿಂದ ಅಪಾಯ, ಲೋಹಗಳು ತಿಂದುಹೋಗುತ್ತವೆ. ಹಾಗಾದರೆ ನಿರ್ವಾಹಕರು ಕಿನಾರೆಯಿಂದಲೇ ಆ ಪೋರ್ಟನ್ನು ಆರಿಸಿಬಿಡುತ್ತಾರೆ. ಮುಂದಿನ ಬೇಸಿಗೆಯವರೆಗೆ ನಿಮ್ಮ ಉಪಕರಣ ಕತ್ತಲಲ್ಲಿ ಕುಳಿತಿರುತ್ತದೆ. ಇದನ್ನು ತಪ್ಪಿಸಲೆಂದೇ ನಿರೋಧನ ಪರೀಕ್ಷೆ, ಒತ್ತಡ ಪರೀಕ್ಷೆ, ಪ್ರಯೋಗಾಲಯದಲ್ಲಿ ಜಂಕ್ಷನ್ ಬಾಕ್ಸಿಗೆ ಜೋಡಿಸಿ ದಿನಗಟ್ಟಲೆ ಓಡಿಸಿ ನೋಡುವುದು, ದತ್ತಾಂಶ ಕಿನಾರೆಗೆ ಸರಿಯಾಗಿ ಬರುವಂತೆ ತಂತ್ರಾಂಶ ಬರೆಯುವುದು, ರೋಬಾಟ್ ಹಿಡಿಯಲು ಚೌಕಟ್ಟಿಗೆ ಹಿಡಿಕೆ ಕೂರಿಸುವುದು, ಮುಳುಗಿನ ಯೋಜನೆ ಬರೆಯುವುದು. ಇವೆಲ್ಲ ನಿರ್ವಾಹಕರ ಎಂಜಿನಿಯರುಗಳ ಗಂಟೆಗಳು. ನಮ್ಮ ಪ್ರಕರಣದಲ್ಲಿ ಇದಕ್ಕೆ 1,30,000 ಡಾಲರ್ ಹಿಡಿದಿದ್ದೇನೆ. ಸಂವೇದಕದ ಬೆಲೆಯ ಮೂರು ಪಟ್ಟಿಗಿಂತ ಹೆಚ್ಚು.

ಪ್ರಾಧ್ಯಾಪಕಿಗೆ ಈ ಅಂಕಿ ಕಂಡು ಸಿಟ್ಟು ಬಂತು. “ಆನೆಗಿಂತ ಅಂಕುಶಕ್ಕೇ ಬೆಲೆ ಜಾಸ್ತಿಯೇ?” ಎಂದರು. ಹಾಗಾದರೆ ಕೇಬಲ್ ಬೇಡ, ಬ್ಯಾಟರಿ ಕಟ್ಟಿ ಇಳಿಸೋಣ ಎಂಬ ಮಾತೂ ಬಂತು. ಯೋಚಿಸಬೇಕಾದ ಮಾತೇ. ಪ್ರಸ್ತಾವ ಓದುವ ಪರಿಶೀಲಕರು ಕೇಳುವ ಮೊದಲ ಪ್ರಶ್ನೆಯೂ ಅದೇ: ನಿಮಗೆ ನಿಜಕ್ಕೂ ಕೇಬಲ್ ಬೇಕೇ? ಎಂಜಿನಿಯರ್ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ಪೊರೆಯ ಮೂಲಕ ಅನಿಲ ಎಳೆಯುವ ಈ ಸಂವೇದಕಕ್ಕೆ ಪುಟ್ಟ ಪಂಪ್ ಬೇಕು. ಎಲ್ಲ ಸೇರಿ ನಿರಂತರವಾಗಿ 3 ವ್ಯಾಟ್ ಎಂದು ಹಿಡಿದರೂ ವರ್ಷದ 8,760 ಗಂಟೆಗೆ ಸುಮಾರು 26 ಕಿಲೋವ್ಯಾಟ್ ಗಂಟೆ. ಅಷ್ಟು ಬ್ಯಾಟರಿಯನ್ನು ಒತ್ತಡ ತಡೆಯುವ ಪೆಟ್ಟಿಗೆಯಲ್ಲಿಟ್ಟು ಇಳಿಸುವ ಖರ್ಚು ಕಡಿಮೆಯೇನಲ್ಲ, ಹಡಗಂತೂ ಹೇಗಿದ್ದರೂ ಬೇಕು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಬ್ಯಾಟರಿಯ ಉಪಕರಣ ಮೂರನೇ ತಿಂಗಳಲ್ಲಿ ಕೆಟ್ಟರೆ ಅದು ಗೊತ್ತಾಗುವುದು ಹನ್ನೆರಡನೇ ತಿಂಗಳಲ್ಲಿ, ಮೇಲೆತ್ತಿದಾಗ. ಕೇಬಲಿನಲ್ಲಾದರೆ ಅಂದೇ ಗೊತ್ತಾಗುತ್ತದೆ. ಗುಳ್ಳೆ ಉಕ್ಕಲು ಶುರುವಾದಾಗ ಅಳತೆಯ ವೇಗವನ್ನು ದಡದಿಂದಲೇ ಹೆಚ್ಚಿಸಬಹುದು. ಈ ಕೊನೆಯ ವಾಕ್ಯ ಪ್ರಸ್ತಾವದ ವೈಜ್ಞಾನಿಕ ಭಾಗಕ್ಕೆ ಹೋಯಿತು. ಬಜೆಟ್ಟಿನ ಜಗಳ ವಿಜ್ಞಾನದ ವಾದವನ್ನು ಗಟ್ಟಿ ಮಾಡಿದ್ದು ನನಗಂತೂ ಇಷ್ಟವಾಯಿತು.

ಹಡಗಿನ ಬಗ್ಗೆ ಎರಡು ಮಾತು ಸಾಕು. ಸಾಗರ ಸಂಶೋಧನೆಯ ದೊಡ್ಡ ಹಡಗಿಗೆ ದಿನಕ್ಕೆ ಹತ್ತಾರು ಸಾವಿರ ಡಾಲರ್ ತಗಲುತ್ತದೆ, ಆದರೆ ಅದು ಸಂಶೋಧಕರ ಬಜೆಟ್ಟಿನಲ್ಲಿ ಬರುವುದಿಲ್ಲ. ಪ್ರಸ್ತಾವದ ಜೊತೆ ಹಡಗಿನ ಸಮಯಕ್ಕೆ ಪ್ರತ್ಯೇಕ ಕೋರಿಕೆ ಸಲ್ಲಿಸುತ್ತಾರೆ, ಎನ್‌ಎಸ್‌ಎಫ್ ಅದನ್ನು ಬೇರೆ ದಾರಿಯಲ್ಲಿ ಭರಿಸುತ್ತದೆ. ನಿಮ್ಮ ಜನರ ವಿಮಾನ ಟಿಕೆಟ್, ಬಂದರಿನ ವಸತಿ, ಪೆಟ್ಟಿಗೆಗಳ ಸಾಗಣೆ ಮಾತ್ರ ನಿಮ್ಮ ತಲೆಗೆ. ಬಜೆಟ್ಟಿನಲ್ಲಿ ಕಾಣದ ಮಾತ್ರಕ್ಕೆ ಹಡಗಿನ ದಿನಗಳು ಪುಕ್ಕಟೆಯಲ್ಲ. ನಿಮ್ಮ ಪ್ರಸ್ತಾವ ಒಟ್ಟು ಎಷ್ಟು ದುಬಾರಿ ಎಂದು ತೂಗುವಾಗ ಕಾರ್ಯಕ್ರಮಾಧಿಕಾರಿ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಇನ್ನು ವಿಶ್ವವಿದ್ಯಾಲಯದ ಅನುದಾನ ಕಚೇರಿ. ಅಲ್ಲಿ ಮೂರು ತಿದ್ದುಪಡಿಗಳಾದವು, ಮೂರೂ ಕಲಿಯಬೇಕಾದವು.

ಒಂದನೆಯದು ಬಿಡಿಭಾಗಗಳ 42,000. ತಂಡ ಅದನ್ನು ‘ಸಾಮಗ್ರಿ’ ಎಂದು ಬರೆದಿತ್ತು. ಸಾಮಗ್ರಿಯ ಮೇಲೆ ಪರೋಕ್ಷ ವೆಚ್ಚ ಬೀಳುತ್ತದೆ, ಉಪಕರಣದ ಮೇಲೆ ಬೀಳುವುದಿಲ್ಲ. ಫೆಡರಲ್ ನಿಯಮದಲ್ಲಿ ಉಪಕರಣ ಎನ್ನಿಸಿಕೊಳ್ಳಲು ಇದ್ದ 5,000 ಡಾಲರ್ ಮಿತಿ 2024ರ ಅಕ್ಟೋಬರಿನಿಂದ 10,000ಕ್ಕೆ ಏರಿದೆ. ಟೈಟಾನಿಯಂ ಪೆಟ್ಟಿಗೆ, ಸರ್ಕ್ಯೂಟ್ ಬೋರ್ಡ್ ಮುಂತಾದವು ಬಿಡಿಬಿಡಿಯಾಗಿ ಆ ಮಿತಿಯೊಳಗಿರಬಹುದು. ಆದರೆ ಅವೆಲ್ಲ ಸೇರಿ ಒಂದೇ ಯಂತ್ರವಾಗುವುದಾದರೆ, ಅದನ್ನು ‘ತಯಾರಿಸಿದ ಉಪಕರಣ’ ಎಂದು ಮೊದಲೇ ಘೋಷಿಸಲು ಅನೇಕ ವಿಶ್ವವಿದ್ಯಾಲಯಗಳು ಅವಕಾಶ ಕೊಡುತ್ತವೆ. ಹಾಗೆ ಬರೆದ ಕೂಡಲೇ 42,000ದ ಮೇಲಿನ ಶೇಕಡಾ 55, ಅಂದರೆ 23,100 ಡಾಲರ್, ಉಳಿಯಿತು. ಇದು ಕಣ್ಣುಕಟ್ಟಲ್ಲ, ಇರುವುದನ್ನು ಸರಿಯಾದ ಸಾಲಿನಲ್ಲಿ ಬರೆದದ್ದು.

ಎರಡನೆಯದು ನಿರ್ವಾಹಕರಿಗೆ ಹೋಗುವ 1,30,000. ಈ ಹಣ ಯಾವ ದಾರಿಯಲ್ಲಿ ಹೋಗಬೇಕೆಂದು ಅಂದಾಜಿನ ಜೊತೆಗೇ ಕೇಳಿಕೊಳ್ಳಬೇಕು. ಇಲ್ಲಿ ಉಪ-ಅನುದಾನ, ಅಂದರೆ ಅನುದಾನದಿಂದ ಇನ್ನೊಂದು ಸಂಸ್ಥೆಗೆ ದಾಟಿಸುವ ಪಾಲು, ಎಂದು ಹಿಡಿದಿದ್ದೇನೆ. ಉಪ-ಅನುದಾನದ ಮೊದಲ ತುಂಡಿನ ಮೇಲೆ ಮಾತ್ರ ಮುಖ್ಯ ಸಂಸ್ಥೆ ಪರೋಕ್ಷ ವೆಚ್ಚ ಹಾಕಬಹುದು. ಆ ತುಂಡು ಮೊದಲು 25,000 ಇತ್ತು, 2024ರ ಪರಿಷ್ಕರಣೆಯಲ್ಲಿ 50,000 ಆಯಿತು. 50,000ದ ಶೇಕಡಾ 55, ಅಂದರೆ 27,500 ಡಾಲರ್, ಹೆಚ್ಚುವರಿ ಹೊರೆ. ಉಪಕರಣದ ಮಿತಿ ಏರಿದ್ದರಿಂದಲೂ ಬಜೆಟ್ ಉಬ್ಬುತ್ತದೆ, ಉಪ-ಅನುದಾನದ ಮಿತಿ ಏರಿದ್ದರಿಂದಲೂ ಉಬ್ಬುತ್ತದೆ. ಎರಡೂ ಬದಲಾವಣೆಗಳನ್ನು ‘ಸರಳೀಕರಣ’ ಎಂದು ಕರೆದವರಿಗೆ ನನ್ನ ನಮಸ್ಕಾರ. ಎರಡು ಸಂಸ್ಥೆಗಳೂ ಬೇರೆ ಬೇರೆ ಬಜೆಟ್ ಸಲ್ಲಿಸುವ ಸಹಯೋಗದ ಪ್ರಸ್ತಾವವಾದರೆ ಈ ಹೊರೆ ತಪ್ಪುತ್ತದೆ, ಆದರೆ ಆಗ ನಿರ್ವಾಹಕರ ಕಡೆಯಿಂದಲೂ ಒಬ್ಬರು ಸಹ-ಸಂಶೋಧಕರಾಗಲು ಒಪ್ಪಬೇಕು.

ಮೂರನೆಯದು ಪ್ರಾಧ್ಯಾಪಕಿಯ ಔದಾರ್ಯ. ಎಂಜಿನಿಯರಿನ ಎರಡು ತಿಂಗಳ ಹೆಚ್ಚುವರಿ ಕೆಲಸವನ್ನು ವಿಭಾಗವೇ ಉಚಿತವಾಗಿ ಕೊಡುತ್ತದೆ ಎಂದು ಅವರು ಬರೆದಿದ್ದರು. ಹಾಗೆ ತಾನಾಗಿ ಪಾಲು ಹಾಕುವುದನ್ನು ಎನ್‌ಎಸ್‌ಎಫ್ ನಿಷೇಧಿಸಿದೆ. ಶ್ರೀಮಂತ ಸಂಸ್ಥೆಗಳು ಪಾಲು ಹಾಕಿ ಬಡ ಸಂಸ್ಥೆಗಳನ್ನು ಹಿಂದೆ ತಳ್ಳಬಾರದು ಎಂಬುದು ಅದರ ಹಿಂದಿನ ನ್ಯಾಯ. ಸಾಲು ಹೊಡೆದುಹಾಕಿ, 30,000 ಡಾಲರನ್ನು ಸಂಬಳಕ್ಕೇ ಸೇರಿಸಿದರು.

ಹಾಗೆಯೇ ‘ಆಪತ್ತಿಗಿರಲಿ’ ಎಂದು ಹೆಸರಿಲ್ಲದ ಮೊತ್ತ ಇಡುವಂತಿಲ್ಲ. ಆದರೆ ಆಪತ್ತಿಗೆ ಹೆಸರಿಡಬಹುದು. ಕನೆಕ್ಟರ್ ಸಹಿತ ಇನ್ನೊಂದು ತಂತಿ, 22,000. ಒಂದೇ ಜೋಡಣೆಗೆ ಹತ್ತು ಸಾವಿರ ಮೀರಿದ್ದರಿಂದ ಅದು ತಾನೇ ಉಪಕರಣ, ಪರೋಕ್ಷ ವೆಚ್ಚವಿಲ್ಲ. ಪರೀಕ್ಷೆಯ ಮೇಜಿನ ಮೇಲೆ ಮೊದಲನೆಯದು ಸೋತರೆ ಆದೇಶ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ.

ಎರಡನೇ ಕರಡು ಹೀಗೆ ನಿಂತಿತು:

ಸಂಬಳ ಮತ್ತು ಸೌಲಭ್ಯ: 2,70,000
ಪ್ರಯಾಣ: 27,000
ಸಾಗಣೆ: 7,000
ಪ್ರಕಟಣೆ: 6,000
ಉಪಕರಣ (ಸಂವೇದಕ, ಬಿಡಿಭಾಗ, ಎರಡನೇ ತಂತಿ): 1,02,000
ನಿರ್ವಾಹಕರಿಗೆ ಉಪ-ಅನುದಾನ: 1,30,000
ಪರೋಕ್ಷ ವೆಚ್ಚ (3,60,000ದ ಮೇಲೆ ಶೇಕಡಾ 55): 1,98,000
ಒಟ್ಟು: 7,40,000 ಡಾಲರ್

ಐದು ಲಕ್ಷದಿಂದ ಏಳೂವರೆ ಲಕ್ಷದ ಹತ್ತಿರಕ್ಕೆ. ಇದರಲ್ಲಿ ಸಂವೇದಕದ ಪಾಲು ಇಪ್ಪತ್ತರಲ್ಲಿ ಒಂದು.

ಇಷ್ಟಕ್ಕೆ ನಿಲ್ಲಿಸಿದ್ದರೆ ಬಜೆಟ್ ಅಂಕಿಗಳಲ್ಲಿ ಸರಿಯಾಗಿರುತ್ತಿತ್ತು, ಕ್ಯಾಲೆಂಡರಿನಲ್ಲಿ ಮುಳುಗುತ್ತಿತ್ತು. ತಂಡ ಯೋಜನೆಯ ಆರಂಭದ ದಿನವನ್ನು ಜನವರಿ 1 ಎಂದು ಬರೆದಿತ್ತು, ವರ್ಷದ ಮೊದಲ ದಿನ ಎಂಬುದು ಬಿಟ್ಟು ಬೇರೆ ಕಾರಣವಿಲ್ಲದೆ. ಜನವರಿಯಲ್ಲಿ ಹಣ ಬಂದರೆ ಆ ಬೇಸಿಗೆಯ ಯಾನಕ್ಕೆ ಯಂತ್ರ ಸಿದ್ಧವಾಗದು. ಕನೆಕ್ಟರೇ ಬಂದಿರುವುದಿಲ್ಲ. ಇಳಿಸುವುದು ಎರಡನೇ ವರ್ಷದ ಬೇಸಿಗೆ, ಎತ್ತುವುದು ಮೂರನೇ ವರ್ಷದ ಬೇಸಿಗೆ, ಹಣ ಮುಗಿಯುವುದು ಅದೇ ಡಿಸೆಂಬರ್. ಎತ್ತಿದ ಸಂವೇದಕವನ್ನು ಮತ್ತೆ ಮಾಪನಕ್ಕೆ ಒಡ್ಡಿ, ಅಂದರೆ ಗೊತ್ತಿರುವ ಪ್ರಮಾಣದೊಂದಿಗೆ ಹೋಲಿಸಿ, ವರ್ಷದುದ್ದಕ್ಕೂ ಅದರ ಓದು ಎಷ್ಟು ಜಾರಿದೆ ಎಂದು ತಿಳಿಯಬೇಕು. ಪೊರೆಯ ಮೀಥೇನ್ ಸಂವೇದಕಗಳು ನಿಧಾನವಾಗಿ ಸ್ಪಂದಿಸುವಂಥವು, ಮೇಲೆ ಜೀವಿಗಳು ಬೆಳೆದುಕೊಂಡರೆ ಓದೇ ಬದಲಾಗುತ್ತದೆ. ಈ ತಿದ್ದುಪಡಿಯಿಲ್ಲದೆ ದತ್ತಾಂಶಕ್ಕೆ ಬೆಲೆಯಿಲ್ಲ. ಅದಕ್ಕೂ ವಿಶ್ಲೇಷಣೆಗೂ ಉಳಿಯುವುದು ನಾಲ್ಕು ತಿಂಗಳು.

ಇನ್ನು ಪರೀಕ್ಷೆಯಲ್ಲಿ ಏನಾದರೂ ಕೈಕೊಟ್ಟು ಒಂದು ಬೇಸಿಗೆ ತಪ್ಪಿದರೆ? ಸಮುದ್ರ ಕಾಯುತ್ತದೆ, ಸಂಬಳ ಕಾಯುವುದಿಲ್ಲ. ವಿದ್ಯಾರ್ಥಿಯ ಒಂದು ವರ್ಷ ಮತ್ತು ಎಂಜಿನಿಯರಿನ ಒಂದು ಪಾಲು ಸೇರಿ 95,000 ಎಂದು ಹಿಡಿಯಿರಿ. ಪರೋಕ್ಷ ವೆಚ್ಚ ಸೇರಿದರೆ 1,47,250. ಸಂವೇದಕದ ಬೆಲೆಯ ಸುಮಾರು ನಾಲ್ಕು ಪಟ್ಟು. ಎನ್‌ಎಸ್‌ಎಫ್ ಅನುದಾನವನ್ನು ವಿಶ್ವವಿದ್ಯಾಲಯವೇ ಒಂದು ಬಾರಿ ಹನ್ನೆರಡು ತಿಂಗಳವರೆಗೆ ವಿಸ್ತರಿಸಿಕೊಳ್ಳಬಹುದು, ಆದರೆ ವಿಸ್ತರಣೆಯಾಗುವುದು ಅವಧಿ ಮಾತ್ರ, ಹಣವಲ್ಲ. ಹಂಚಿಕೊಂಡ ವೀಕ್ಷಣಾಲಯದ ಬಜೆಟ್ಟನ್ನು ಡಾಲರಿಗಿಂತ ಮೊದಲು ಬೇಸಿಗೆಗಳಲ್ಲಿ ಎಣಿಸಬೇಕು ಎಂದು ನಾನು ಹೇಳುವುದು ಇದಕ್ಕೇ. ಬೇರೆ ಪ್ರಯೋಗಾಲಯಗಳಲ್ಲಿ ಆರು ವಾರ ತಡವಾದರೆ ಆರು ವಾರದ ನಷ್ಟ. ಇಲ್ಲಿ ಆರು ವಾರ ತಡವಾದರೆ ಒಂದು ವರ್ಷದ ನಷ್ಟ.

ತಂಡ ಆರಂಭದ ದಿನವನ್ನು ಜುಲೈ 1ಕ್ಕೆ ಬದಲಿಸಿತು. ಆಗ ಕಟ್ಟಲು, ಪರೀಕ್ಷಿಸಲು ಒಂದು ಪೂರ್ತಿ ವರ್ಷ. ಎರಡನೇ ವರ್ಷದ ಆರಂಭದಲ್ಲೇ ಇಳಿಸುವುದು, ಮೂರನೇ ವರ್ಷದ ಆರಂಭದಲ್ಲಿ ಎತ್ತುವುದು, ವಿಶ್ಲೇಷಣೆಗೆ ಹತ್ತು ತಿಂಗಳು. ಒಂದು ಡಾಲರೂ ಖರ್ಚಾಗಲಿಲ್ಲ. ವಿದ್ಯಾರ್ಥಿಯ ಸಂಬಳದ ಹಂಚಿಕೆಯನ್ನೂ ತಿರುವಿದರು. ಯಂತ್ರ ಕಟ್ಟುವ ಮೊದಲ ವರ್ಷ ಅರ್ಧ, ಅಳತೆ ಬರುವ ಮುಂದಿನ ಎರಡು ವರ್ಷ ಪೂರ್ತಿ.

ಜುಲೈ ಆರಂಭದಲ್ಲೂ ಬಿಗಿಯಾಗುವ ಗಂಟು ಕನೆಕ್ಟರ್. ಅನುದಾನ ಶುರುವಾಗುವ 90 ದಿನ ಮೊದಲಿನಿಂದ, ವಿಶ್ವವಿದ್ಯಾಲಯ ತನ್ನ ಸ್ವಂತ ಹೊಣೆಯಲ್ಲಿ ಖರ್ಚು ಮಾಡಲು ಎನ್‌ಎಸ್‌ಎಫ್ ಬಿಡುತ್ತದೆ. ಅನುದಾನ ಬಾರದಿದ್ದರೆ ನಷ್ಟ ವಿಶ್ವವಿದ್ಯಾಲಯದ್ದು. ಪ್ರಾಧ್ಯಾಪಕಿ ಎರಡು ಕನೆಕ್ಟರ್‌ಗಳ ಆದೇಶವನ್ನು ಏಪ್ರಿಲ್‌ನಲ್ಲೇ ಕೊಡಲು ವಿಭಾಗದ ಮುಖ್ಯಸ್ಥರ ಒಪ್ಪಿಗೆ ಕೇಳಿದರು. ಮುಖ್ಯಸ್ಥರು ಒಂದಕ್ಕೆ ಒಪ್ಪಿದರು. ಎರಡನೆಯದು ಹಣ ಬಂದ ಮೇಲೆ ಎಂದರು. ನ್ಯಾಯವೇ, ಆದರೆ ಎರಡನೆಯದು ಬರುವ ಹೊತ್ತಿಗೆ ಪರೀಕ್ಷೆ ಮುಗಿದಿದ್ದರೂ ಮುಗಿದಿರಬಹುದು, ಆಗ ಅದು ಆಪತ್ತಿಗೆ ಆಗುವ ವಸ್ತುವಾಗಿ ಉಳಿಯುವುದಿಲ್ಲ.

ಬಜೆಟ್ಟಿನಲ್ಲಿ ಹಿಡಿಯಲಾಗದ್ದೂ ಒಂದಿದೆ. ವೀಕ್ಷಣಾಲಯವೇ ಕುಗ್ಗಬಹುದು, ಸ್ಥಳಾಂತರವಾಗಬಹುದು. ನ್ಯೂ ಇಂಗ್ಲೆಂಡ್ ಕರಾವಳಿಯಾಚೆ ಇದ್ದ ಪಯೊನಿಯರ್ ಅರೇಯನ್ನು 2022ರಲ್ಲಿ ಎತ್ತಿ, 2024ರಲ್ಲಿ ಉತ್ತರ ಕೆರೊಲಿನಾದ ಕಡಲಿಗೆ ಒಯ್ದರು. ತಳಕ್ಕೆ ಹಾಸಿದ ಕೇಬಲ್ ಅಷ್ಟು ಸುಲಭವಾಗಿ ಏಳುವುದಿಲ್ಲ, ಆದರೆ ಯಾನದ ದಿನಗಳು ಕಡಿತವಾಗಲು ಕೇಬಲ್ ಏಳಬೇಕಾಗಿಲ್ಲ. ಉಪಕರಣ ಇಳಿಸಿದ ಮೇಲೆ ಎತ್ತುವ ಬೇಸಿಗೆ ಬಾರದಿದ್ದರೆ ಏನು ಮಾಡುವುದು? ಕೇಬಲ್ ಇರುವುದರಿಂದ ಅಳತೆ ನಿಲ್ಲುವುದಿಲ್ಲ, ಎರಡನೇ ವರ್ಷವೂ ಬರುತ್ತಿರುತ್ತದೆ. ಮಾಪನದ ತಿದ್ದುಪಡಿ ಮಾತ್ರ ತಡವಾಗುತ್ತದೆ. ತಂಡ ಇದಕ್ಕೆ ಅಗ್ಗದ ಉಪಾಯ ಹುಡುಕಿತು. ಇಳಿಸುವ ದಿನವೇ ರೋಬಾಟಿನಿಂದ ಸಂವೇದಕದ ಪಕ್ಕದಲ್ಲೇ ನೀರಿನ ಮಾದರಿ ತೆಗೆಸಿ, ಹಡಗಿನ ಪ್ರಯೋಗಾಲಯದಲ್ಲಿ ಮೀಥೇನ್ ಅಳೆದು, ಒಂದು ಆಧಾರಬಿಂದು ಇಟ್ಟುಕೊಳ್ಳುವುದು. ಅದಕ್ಕೆ ಬೇಕಾದ ಹೆಚ್ಚುವರಿ ಮುಳುಗು ಸಮಯವನ್ನು ಹಡಗಿನ ಕೋರಿಕೆಯಲ್ಲಿ ಸೇರಿಸಿ, ಯಾಕೆ ಬೇಕೆಂದು ಎರಡು ಸಾಲು ಬರೆದು, ಪ್ರಸ್ತಾವದ ಜೊತೆ ಕಳುಹಿಸಿದರು.